ನಿಮ್ಮ ಅವಧಿ ಮುಗಿದಿದೆ

ಮನುಷ್ಯರಿಗೆ ಮುಪ್ಪು ಬರುತ್ತದೆ ಎಂಬ ಸುದ್ದಿ ನಮ್ಮ ಅನೇಕ ಜಾಲತಾಣಗಳ ವಿನ್ಯಾಸಕರಿಗೆ ಇನ್ನೂ ತಲುಪಿದಂತಿಲ್ಲ. ತಲುಪಿದ್ದರೆ, 1946ರಲ್ಲಿ ಹುಟ್ಟಿದ ನಮ್ಮ ದೊಡ್ಡಪ್ಪನವರು ವಿಮೆಯ ಅರ್ಜಿಯಲ್ಲಿ ಜನ್ಮದಿನಾಂಕ ತುಂಬಲು ಹೊರಟಾಗ, ಒಮ್ಮೆ ಒತ್ತಿದರೆ ಒಂದೇ ತಿಂಗಳು ಹಿಂದಕ್ಕೆ ಸರಿಯುವ, ನಡುಗುವ ಬೆರಳಿಗೆ ಸಿಕ್ಕದಷ್ಟು ಚಿಕ್ಕ ಬಾಣದ ಗುರುತುಳ್ಳ ಕ್ಯಾಲೆಂಡರನ್ನು ಅವರ ಮುಂದೆ ಬಿಚ್ಚಿಡುತ್ತಿರಲಿಲ್ಲ. ಲೆಕ್ಕದ ಮೇಷ್ಟರಾಗಿ ನಿವೃತ್ತರಾದ ಅವರು ಒಂಬೈನೂರಕ್ಕೂ ಹೆಚ್ಚು ಸಲ ಒತ್ತಬೇಕೆಂಬುದನ್ನು ಬಾಯಿಲೆಕ್ಕದಲ್ಲೇ ಕಂಡುಕೊಂಡರೂ ಹಟ ಬಿಡದೆ ಹೊರಟರು. ತುರ್ತು ಪರಿಸ್ಥಿತಿಯ ಕಾಲದವರೆಗೆ ಬರುವಷ್ಟರಲ್ಲಿ ಪರದೆಯ ಮೇಲೆ "ನಿಮ್ಮ ಅವಧಿ ಮುಗಿದಿದೆ" ಎಂಬ ಸೂಚನೆ ಮೂಡಿತು. ಎಂಬತ್ತರ ಹತ್ತಿರದವರಿಗೆ ಹೇಳುವ ಮಾತೇ ಅದು?

"ಅದನ್ನ ಹೇಳೋಕೆ ಇವನ್ಯಾರೋ?" ಎಂದು ದೊಡ್ಡಪ್ಪ ನನ್ನನ್ನೇ ಗದರಿಸಿದರು.

ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಜನ್ಮದಿನಾಂಕಕ್ಕೆ ದಿನ, ತಿಂಗಳು, ವರ್ಷವೆಂದು ಮೂರು ಖಾಲಿ ಚೌಕಗಳಿರುತ್ತವೆ. ಅಂಕಿ ಬರೆದರೆ ಮುಗಿಯಿತು. ಅವಧಿ ಮುಗಿಯುವ ಮೊದಲು ಎಚ್ಚರಿಸಿ, ಅದನ್ನು ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಬೇಕೆಂದೂ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ 4.5:1ರಷ್ಟಾದರೂ ಹೊಳಪಿನ ಅಂತರವಿರಬೇಕೆಂದೂ ಜಾಲತಾಣಗಳಿಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲೇ ಮಾರ್ಗಸೂಚಿಯಲ್ಲಿ ಬರೆದಿಟ್ಟಿದೆ. ನಮ್ಮ ವಿನ್ಯಾಸಕರಿಗಾದರೋ ಬಿಳಿಯ ಮೇಲೆ ತಿಳಿಬೂದು ಬಣ್ಣವೇ ನಾಜೂಕು.

ವಿಮೆಯ ಅರ್ಜಿಯ ಮುಂದಿನ ಹಂತದಲ್ಲಿ, ಗುರುತಿನ ಪರಿಶೀಲನೆಗೆಂದು ಮುಖವನ್ನು ವೃತ್ತದೊಳಗಿಟ್ಟು ಕಣ್ಣು ಮಿಟುಕಿಸಬೇಕೆಂದು ಆಜ್ಞೆಯಾಯಿತು. ಅದನ್ನು ಓದಲು ದೊಡ್ಡಪ್ಪ ಕನ್ನಡಕ ಹಾಕಿಕೊಂಡರೆ ಕನ್ನಡಕ ತೆಗೆಯಿರಿ ಎನ್ನುತ್ತದೆ. ತೆಗೆದರೆ ಮುಂದೇನು ಹೇಳಿತೆಂಬುದು ಅವರಿಗೆ ಕಾಣುವುದಿಲ್ಲ. ನಾನು ಪಕ್ಕದಲ್ಲಿ ನಿಂತು "ಈಗ ಮಿಟುಕಿಸಿ" ಎನ್ನುತ್ತಿದ್ದುದನ್ನು ಕಂಡು ದೊಡ್ಡಮ್ಮ ಅಡುಗೆಮನೆಯಿಂದಲೇ ಇದೇನು ಈ ವಯಸ್ಸಿನಲ್ಲಿ ಎಂದು ವಿಚಾರಿಸಿದರು. ನಗುವ ವಿಷಯವೇನೂ ಅಲ್ಲ. ಆಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರೂ ದೃಷ್ಟಿಹೀನರೂ ಇದೇ ಮಿಟುಕಿಸುವ ಪರೀಕ್ಷೆಯ ಕಾರಣದಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆಯೆಂದು ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಅಂಧ ಸ್ನೇಹಿತನ ಪಾಡು ಬೇರೆಯೇ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಅವನು ಬಳಸುತ್ತಾನೆ. ಆದರೆ ಜಾಲತಾಣ ಕಟ್ಟಿದವರು ಗುಂಡಿಗಳಿಗೆ ಹೆಸರನ್ನೇ ಇಡದಿದ್ದರೆ ಅದು ತಾನೇ ಏನು ಮಾಡೀತು? "ಬಟನ್, ಬಟನ್, ಬಟನ್" ಎಂದು ಒಂದೇ ಸಮನೆ ಜಪಿಸುತ್ತದೆ. ದರ್ಜಿಯ ಅಂಗಡಿ ಹೊಕ್ಕಂತಾಗುತ್ತದೆ ಎನ್ನುತ್ತಾನೆ ಅವನು. ಅವುಗಳಲ್ಲಿ ಒಂದು ಹಣ ಕಟ್ಟುವುದು, ಇನ್ನೊಂದು ರದ್ದು ಮಾಡುವುದು. ಯಾವುದು ಯಾವುದೆಂಬುದು ದೈವಚಿತ್ತ. ಪ್ರತಿಯೊಂದಕ್ಕೂ ಹೆಸರಿಡಲು ಜಾಲತಾಣದ ಕೋಡ್‌ನಲ್ಲಿ ಎರಡು ಪದ ಸಾಕು.

ಇದೆಲ್ಲ ದಾಟಿದ ಮೇಲೆ, ತಾನು ಯಂತ್ರವಲ್ಲ ಮನುಷ್ಯನೆಂದು ಅವನು ಸಾಬೀತುಪಡಿಸಬೇಕು. ಸೊಟ್ಟ ಅಕ್ಷರಗಳು ಕಾಣದವರು ಧ್ವನಿ ಕೇಳಬಹುದೆಂಬ ಅನುಕೂಲವೇನೋ ಇದೆ. ಆದರೆ ಗದ್ದಲದ ನಡುವೆ ಯಾರೋ ಅಂಕಿಗಳನ್ನು ಗೊಣಗುವ ಹೊತ್ತಿಗೆ ಸರಿಯಾಗಿ ಎನ್‌ವಿಡಿಎಯೂ ಮಾತಾಡತೊಡಗುತ್ತದೆ. ಕೊನೆಗೆ ಅವನು ಕಣ್ಣು ಚೆನ್ನಾಗಿರುವ ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆಯುತ್ತಾನೆ. ಆ ಹುಡುಗನನ್ನೂ ಜಾಲತಾಣ ಮೊದಲ ಸಲಕ್ಕೆ ಮನುಷ್ಯನೆಂದು ಒಪ್ಪುವುದಿಲ್ಲ.