ಸಾಲ ಬೇಗ ತೀರಿಸಿದ್ರೆ ಜಿಪುಣರಾ?

ನಿನ್ನೆ ಒಂದು ಗೃಹಪ್ರವೇಶದ ಊಟದಲ್ಲಿ, ಪಂಕ್ತೀಲಿ ಕೂತಿದ್ದ ಅಷ್ಟೂ ಜನರ ಎದುರಿಗೆ, ನಮ್ಮ ಹತ್ತಿರದ ಸಂಬಂಧಿಕರೊಬ್ರು "ಗಂಡ ಹೆಂಡ್ತಿ ಇಬ್ರೂ ದುಡೀತೀರ, ಇನ್ನೂ ಅದೇ ಹಳೇ ಫ್ರಿಡ್ಜು, ನೀನು ಫ್ರೀ ಬಸ್ಸಲ್ಲಿ ಓಡಾಡ್ತೀಯ, ಯಾರಿಗೆ ಕೂಡಿಡ್ತಿದೀರಮ್ಮ" ಅಂದ್ರು. ಬೇರೆಯವರ ಮನೆ ಶುಭಕಾರ್ಯ ಅಂತ ಸುಮ್ಮನಾದೆ. ಆದ್ರೆ ರಾತ್ರಿಯೆಲ್ಲ ಅದೇ ಮಾತು ತಲೇಲಿ ಸುತ್ತಿ ಸುತ್ತಿ ನಿದ್ದೆ ಬರಲಿಲ್ಲ.

ಕೂಡಿಡ್ತಿಲ್ಲ ರೀ, ಸಾಲ ತೀರಿಸ್ತಿದೀವಿ. ಕೆಂಗೇರಿ ಆಚೆ ಈ ಮನೆ ತಗೊಂಡಾಗ 20 ವರ್ಷದ ಸಾಲಕ್ಕೆ ಸಹಿ ಹಾಕಿದ್ದು ನಿಮಗೆಲ್ಲ ಗೊತ್ತೇ ಇದೆ. ಅವತ್ತು ಎಲ್ರೂ ಕೈ ಕುಲುಕಿದ್ರು, ಸಿಹಿ ತಿಂದ್ರು, ಬಡ್ಡಿ ಎಷ್ಟಮ್ಮ ಅಂತ ಒಬ್ಬರೂ ಕೇಳಲಿಲ್ಲ. ಈಗ ಆ ಸಾಲದಿಂದ ಬೇಗ ಆಚೆ ಬರೋಣ ಅಂತ ಕೈ ಬಿಗಿ ಹಿಡಿದ್ರೆ ಮಾತ್ರ ಎಲ್ರಿಗೂ ನಮ್ಮ ಫ್ರಿಡ್ಜು ಕಣ್ಣಿಗೆ ಬೀಳುತ್ತೆ!

ಲೆಕ್ಕ ಹೇಳ್ತೀನಿ ಕೇಳಿ. 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದ್ರೆ ಇಎಂಐ ಸುಮಾರು 26 ಸಾವಿರ. ಮೊದಲನೇ ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿದ್ರೆ ಬಡ್ಡಿ ಕಾಲಂನಲ್ಲಿ 21,250, ಅಸಲಿನ ಕಾಲಂನಲ್ಲಿ 5 ಸಾವಿರಾನೂ ಇರಲ್ಲ. ಸುಮ್ನೆ ಹಂಗೇ ಕಟ್ಕೊಂಡು ಹೋದ್ರೆ ಬಡ್ಡೀನೇ 32 ಲಕ್ಷ ದಾಟುತ್ತೆ, ಅಸಲಿಗಿಂತ ಜಾಸ್ತಿ. ಅದೇ ಸಾಲಕ್ಕೆ ತಿಂಗಳು ತಿಂಗಳು 5 ಸಾವಿರ ಮೇಲೆ ಕಟ್ಟಿದ್ರೆ 14 ವರ್ಷದೊಳಗೆ ಮುಗಿದು 11 ಲಕ್ಷಕ್ಕೂ ಜಾಸ್ತಿ ಬಡ್ಡಿ ಉಳಿಯುತ್ತೆ. ಫ್ಲೋಟಿಂಗ್ ದರದ, ಅಂದ್ರೆ ಬಡ್ಡಿ ಆಗಾಗ ಏರಿಳಿಯೋ ಗೃಹಸಾಲ ಮುಂಚೆ ಕಟ್ಟಿದ್ರೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಅಂದ್ಮೇಲೆ ಕಟ್ಟೋಕೇನು ಅಡ್ಡಿ?

ಆ 5 ಸಾವಿರ ಎಲ್ಲಿಂದ ಬರುತ್ತೆ ಅಂದ್ರೆ, ಆ ಫ್ರಿಡ್ಜಿಂದ, ಆ ಬಸ್ಸಿಂದಾನೇ ಬರುತ್ತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿಂದ ನನ್ನ ಬಸ್ ಖರ್ಚು ಎಷ್ಟು ಉಳೀತೋ ಅಷ್ಟೂ ನೇರ ಲೋನ್ ಅಕೌಂಟಿಗೆ. ಮಧ್ಯಾಹ್ನಕ್ಕೆ ಡಬ್ಬಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಪ್ಯಾಕೆಟ್ ತರಲ್ಲ, ಕಾಯಿ ತಂದು ಶನಿವಾರ ಸಂಜೆ ಪೇಪರ್ ಹಾಸ್ಕೊಂಡು ನಾನು ಅತ್ತೆ ಮಗಳು ಕೂತು ಬಿಡಿಸ್ತೀವಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕ್ತೀವಿ, ಬೆರಳೆಲ್ಲ ಸೊಗಡಿನ ವಾಸನೆ, ಆ ಸಾರಿನ ರುಚಿ ಯಾವ ಹೋಟೆಲಲ್ಲಿ ಸಿಗುತ್ತೆ ಹೇಳಿ. ಇದರಲ್ಲಿ ನಮಗೇನು ಕಷ್ಟ ಆಗಿದೆ? ಮಗಳ ಫೀಸಲ್ಲಾಗಲೀ, ಅತ್ತೆ ಔಷಧಿಯಲ್ಲಾಗಲೀ, ಮನೆಗೆ ಬಂದವರ ಊಟದಲ್ಲಾಗಲೀ ಒಂದು ರೂಪಾಯಿ ಹಿಡಿದಿಲ್ಲ. ಜಿಪುಣರು ಅನ್ನೋರು ಇದನ್ನೂ ನೋಡ್ಲಿ.

ಆಫೀಸಲ್ಲಿ ಇನ್ನೊಂದು ವಾದ ಇದೆ. ಗೃಹಸಾಲ ಅಗ್ಗದ ಸಾಲ, ಮುಂಚೆ ತೀರಿಸ್ಬೇಡಿ, ಆ ದುಡ್ಡು ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟೋ ಎಸ್‌ಐಪಿಗೆ ಹಾಕಿ, ಜಾಸ್ತಿ ಬರುತ್ತೆ ಅಂತ. ಬರಬಹುದು. ಆದ್ರೆ ಮಾರ್ಕೆಟ್ಟು ಯಾರಿಗೂ ಬರೆದುಕೊಟ್ಟಿಲ್ಲ, ತೀರಿಸಿದ ಸಾಲದ ಬಡ್ಡಿ ಉಳಿಯೋದು ಮಾತ್ರ ಖಾತ್ರಿ. ಟ್ಯಾಕ್ಸ್ ಉಳಿಯುತ್ತಲ್ಲ ಅಂತಾರೆ. ನಾವೇ ವಾಸ ಇರೋ ಮನೆ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ ಇರೋದು ಹಳೇ ತೆರಿಗೆ ಪದ್ಧತೀಲಿ, ಹೊಸದರಲ್ಲಿ ಅದೂ ಇಲ್ಲ. ಇದ್ರೂ ಅಷ್ಟೇ, ಶೇ. 30ರ ಸ್ಲ್ಯಾಬ್‌ನೋರು 30 ಪೈಸೆ ತೆರಿಗೆ ಉಳಿಸೋಕೆ 1 ರೂಪಾಯಿ ಬಡ್ಡಿ ಕಟ್ಟಬೇಕು. ಇದು ಯಾವ ಲಾಭ?

ಮತ್ತೆ ಅಗ್ಗದ ಸಾಲ ಅಗ್ಗವಾಗೇ ಇರುತ್ತಾ? 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೋ ದರ, ಅಂದ್ರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, ಶೇ. 4ರಿಂದ 6.5ಕ್ಕೆ ಹೋಯ್ತು, ಅದರ ಜೊತೆ ನಮ್ಮ ಸಾಲದ ಬಡ್ಡೀನೂ ಏರಿತು. ನಮ್ಮ ಇಎಂಐ ಏರಲಿಲ್ಲ, ಅವಧಿ ವರ್ಷಗಟ್ಟಲೆ ಉದ್ದ ಆಗಿತ್ತು, ನಮ್ಮನ್ನ ಒಂದು ಮಾತು ಕೇಳಿರಲಿಲ್ಲ. ಇಎಂಐ ಜಾಸ್ತಿ ಮಾಡ್ಬೇಕಾ ಅವಧಿ ಜಾಸ್ತಿ ಮಾಡ್ಬೇಕಾ ಅಂತ ಸಾಲಗಾರರಿಗೆ ಆಯ್ಕೆ ಕೊಡಿ ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟಲ್ಲಿ ಆದೇಶ ಮಾಡ್ತು. 2025ರಲ್ಲಿ ದರ ಇಳಿದಾಗ ಇಎಂಐ ಕಮ್ಮಿ ಮಾಡ್ಬೇಡಿ, ಅವಧಿ ಕಮ್ಮಿ ಮಾಡಿ ಅಂತ ನಾವೇ ಬರೆದುಕೊಟ್ವಿ.

ಇನ್ನೊಂದು ವಿಷಯ, ಇದನ್ನ ಯಾರ ಹತ್ರಾನೂ ಹೇಳ್ಕೊಂಡಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಬೋರ್‌ವೆಲ್ಲಿಗೆ ಅಂತ ಅಮ್ಮನ ಬಳೆ ಅಡ ಇಟ್ಟಿದ್ರು, ಬಡ್ಡಿ ಬೆಳೆದು ಬಳೆ ವಾಪಸ್ ಬರಲೇ ಇಲ್ಲ. ಮದುವೆಮನೆಗಳಲ್ಲಿ ಅಮ್ಮ ಗಾಜಿನ ಬಳೆ ಹಾಕಿದ್ದ ಕೈಯನ್ನ ಸೆರಗಿನೊಳಗೆ ಇಟ್ಕೊಂಡೇ ಕೂರ್ತಿದ್ದಳು. ಸಾಲ ಅಂದ್ರೆ ನನಗೆ ಆ ಕೈ. ಇವರ ಕಂಪನೀಲಿ ಜನರನ್ನ ತೆಗೀತಿದಾರೆ ಅಂತ ಸುದ್ದಿ ಬಂದಾಗೆಲ್ಲ ನಡುರಾತ್ರಿ ಎದ್ದು ಬಾಕಿ ಎಷ್ಟಿದೆ ಅಂತ ಮೊಬೈಲಲ್ಲಿ ನೋಡ್ತೀನಿ. ಬಾಕಿ ಕಮ್ಮಿ ಆದಷ್ಟೂ ನಿದ್ದೆ ಬರುತ್ತೆ. ಈ ನಿದ್ದೆಗೆ ಯಾವ ಫಂಡ್ ಎಷ್ಟು ಪರ್ಸೆಂಟ್ ಕೊಡುತ್ತೆ?

ಗೃಹಸಾಲ ಇರೋ ಸ್ನೇಹಿತರೇ, ದಯವಿಟ್ಟು ಇವತ್ತೇ ಸ್ಟೇಟ್‌ಮೆಂಟ್ ತೆಗೆದು ಇನ್ನೆಷ್ಟು ಕಂತು ಉಳಿದಿದೆ ಅಂತ ಎಣಿಸಿ ನೋಡಿ. ಮುಂಚೆ ಕಟ್ಟುವಾಗ ಅವಧಿ ಇಳಿಸಿ ಅಂತ ಬರವಣಿಗೇಲೇ ಕೊಡಿ. ಪೂರ್ತಿ ತೀರಿಸಿದ ಮೇಲೆ 30 ದಿನದೊಳಗೆ ಬ್ಯಾಂಕಿನವರು ಮನೆಪತ್ರ ವಾಪಸ್ ಕೊಡ್ಬೇಕು, ಅವರಿಂದ ತಡ ಆದ್ರೆ ದಿನಕ್ಕೆ 5 ಸಾವಿರ ಅವರೇ ಕೊಡ್ಬೇಕು, ಅದೂ ನೆನಪಿರಲಿ. ನನ್ನ ಎಕ್ಸೆಲ್ ಶೀಟ್ ಬೇಕಿದ್ರೆ ಇನ್‌ಬಾಕ್ಸ್ ಮಾಡಿ, ಕಳಿಸ್ತೀನಿ.