ಮಂಚ ದಾಟಿದರೆ ಬಚ್ಚಲು

ನಂದಿಬೆಟ್ಟದ ಸೂರ್ಯೋದಯ ನೋಡಬೇಕೆಂದರೆ ಹಿಂದಿನ ರಾತ್ರಿಯೇ ಚಿಕ್ಕಬಳ್ಳಾಪುರದಲ್ಲಿ ತಂಗುವುದು ಜಾಣತನ ಎಂದು ಎಲ್ಲರೂ ಹೇಳುತ್ತಾರೆ. ತಂಗುವ ಕೋಣೆಯ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ.

ಹೆದ್ದಾರಿ ಪಕ್ಕದ ಲಾಡ್ಜಿನಲ್ಲಿ ನಮಗೆ ಸಿಕ್ಕಿದ್ದು ‘ಡೀಲಕ್ಸ್’. ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಮಂಚಕ್ಕೆ ಬಡಿಯುತ್ತದೆ. ಸ್ವಲ್ಪ ಮೈಕೈ ತುಂಬಿಕೊಂಡವರು ಅಲ್ಲಿಂದಲೇ ವಾಪಸ್. ಬಚ್ಚಲು ಇರುವುದು ಮಂಚದ ಆಚೆ. ಪಕ್ಕದಲ್ಲಿ ಕಾಲಿಡಲು ಜಾಗವಿಲ್ಲ, ಮಲಗಿದವರನ್ನು ದಾಟಿಕೊಂಡೇ ಹೋಗಬೇಕು. 1,478 ಮೀಟರ್ ಎತ್ತರದ ಬೆಟ್ಟಕ್ಕಾದರೂ ರಸ್ತೆಯಿದೆ, ಈ ಮಂಚಕ್ಕೆ ಅದೂ ಇಲ್ಲ. ನಡುರಾತ್ರಿ ನನ್ನಾಕೆ ನನ್ನ ಮೊಣಕಾಲನ್ನು ತುಳಿದು, “ದಿಂಬು ಅಂದುಕೊಂಡೆ” ಎಂದಳು. ನಂಬಿದ್ದೇನೆ.

ಟಿವಿ ತಲೆದಿಂಬಿನ ನೇರ ಮೇಲಿದೆ. ಅದನ್ನು ನೋಡುವ ಆಸನವನ್ನು ಯಾವ ಯೋಗಗುರುವೂ ಇನ್ನೂ ಕಲಿಸಿಲ್ಲ. ಫ್ಯಾನಿನ ಸ್ವಿಚ್ ಬೀರುವಿನ ಹಿಂದೆ. ಕಿಟಕಿಯೇನೋ ಇದೆ, ತೆರೆದರೆ ಕಾರಿಡಾರ್.

ದೊಡ್ಡ ಕೋಣೆಯೊಂದರ ನಡುವೆ ಪ್ಲೈವುಡ್ ನಿಲ್ಲಿಸಿ ಎರಡು ಮಾಡಿದ್ದಾರೆ ಎಂದು ಯಾರೂ ಹೇಳಬೇಕಾಗಿಲ್ಲ. ಚಾವಣಿಯ ನಟ್ಟನಡುವೆ ಇರಬೇಕಾದ ಸುಣ್ಣದ ಹೂವು ಗೋಡೆಗೆ ತಾಗಿ ಅರ್ಧಕ್ಕೇ ನಿಂತಿದೆ. ಉಳಿದ ದಳಗಳು ಪಕ್ಕದವರ ಪಾಲು, ಅವರ ಗೊರಕೆ ನಮ್ಮ ಪಾಲು.

ಬೆಳಿಗ್ಗೆ ಕೌಂಟರಿನವನಿಗೆ ಹೇಳಿದೆ. “ನಾಲ್ಕು ಗಂಟೆಗೆ ಎದ್ದು ಹೋಗುವವರಿಗೆ ಇನ್ನೆಷ್ಟು ಕೋಣೆ ಬೇಕು ಸಾರ್?” ಎಂದ. ಹಾಗಿದ್ದರೆ ಶನಿವಾರವೆಂದು ದುಪ್ಪಟ್ಟು ಬಾಡಿಗೆ ಕಿತ್ತುಕೊಂಡದ್ದು ಯಾವ ಸುಖಕ್ಕೆ?