ಮೊಳೆಯುವ ಕುಂಡಗಳು

ಊರೂರಿನ ಸ್ವಚ್ಛತೆಗೆ ಅಂಕ ಕೊಡುವ ಸ್ವಚ್ಛ ಸರ್ವೇಕ್ಷಣದ ತಂಡ ಬರುತ್ತಿದೆ ಅಂತ ದಾವಣಗೆರೆಯವರಿಗೆ ಯಾರೂ ಹೇಳಬೇಕಿಲ್ಲ. ರಾತ್ರೋರಾತ್ರಿ ಡಿವೈಡರ್ ಮೇಲೆ ಹೂಕುಂಡ ಮೊಳೆತರೆ ಸಾಕು, ಗೊತ್ತಾಗುತ್ತದೆ. ಗಿಡದ ಬದಲು ಕುಂಡವೇ ಮೊಳೆಯೋ ಮಣ್ಣು ನಮ್ಮದು.

ಈ ಸಲ ನಮ್ಮ ರಸ್ತೆಗೂ ಭಾಗ್ಯ ಬಂತು. ಮೂಲೆಯ ಗೋಡೆಗೆ ಒನಕೆ ಓಬವ್ವನ ಚಿತ್ರ ಬರೆಸಿದರು. ಚೆನ್ನಾಗೇ ಇದೆ, ಸುಳ್ಳು ಹೇಳಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒನಕೆ ಎತ್ತಿ, ಕಣ್ಣು ಕೆಂಪಗೆ ಮಾಡಿ ನಿಂತಿದ್ದಾಳೆ. ಪಕ್ಕದ ದುರ್ಗದ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರ ತಲೆ ಒಡೆದವಳು. ನಮ್ಮವರು ಅವಳೆದುರೇ ಬೈಕ್ ನಿಲ್ಲಿಸಿ, ಗೋಡೆಗೆ ಮುಖ ಮಾಡಿ, ಆಕಾಶ ನೋಡುತ್ತಾ ನಿಲ್ಲುತ್ತಾರೆ. ಮೂರೇ ದಿನಕ್ಕೆ ಓಬವ್ವನ ಪಾದದ ಬಣ್ಣ ಕಿತ್ತುಬಂತು. ಹೈದರಾಲಿಯ ಸೈನ್ಯದ ಕೈಲಾಗದ್ದು ನಮ್ಮವರ ಕೈಲಾಯ್ತು.

ಈ ಸ್ಪರ್ಧೆಯಲ್ಲಿ ಜನರಿಗೂ ಪ್ರಶ್ನೆ ಇರುತ್ತದೆ. 2020ರಲ್ಲಿ ಒಂದು ಪ್ರಶ್ನೆ: ನಿಮ್ಮ ಊರು ಸರ್ವೇಕ್ಷಣದಲ್ಲಿ ಭಾಗವಹಿಸುತ್ತಿರುವುದು ನಿಮಗೆ ಗೊತ್ತಾ? ಪರೀಕ್ಷೆ ಇದೆ ಅಂತ ಗೊತ್ತಿದೆಯಾ ಅನ್ನೋದೇ ಪರೀಕ್ಷೆ! ನಮ್ಮ ಮೇಷ್ಟ್ರು ಹೀಗಿದ್ದಿದ್ದರೆ ಎಸ್ಸೆಸ್ಸೆಲ್ಸಿ ನಾನು ಎರಡು ಸಲ ಕಟ್ಟುತ್ತಿರಲಿಲ್ಲ.

ಫ್ರಾನ್ಸಿನಲ್ಲೂ 1959ರಿಂದ ಊರು ಚಂದ ಮಾಡುವ ಸ್ಪರ್ಧೆ ಇದೆ. ಗೆದ್ದ ಊರಿನ ಬಾಗಿಲಲ್ಲಿ ಬೋರ್ಡು, ಅದರಲ್ಲಿ ಒಂದರಿಂದ ನಾಲ್ಕು ಹೂವಿನ ಗುರುತು. ನಮ್ಮೂರ ಬಾಗಿಲಲ್ಲಿ ಹುಟ್ಟುಹಬ್ಬದ ಫ್ಲೆಕ್ಸು, ನಡುವೆ ನಿಂತ ಅಣ್ಣನ ಕೊರಳಿಗೆ ಸೇಬಿನ ಹಾರ. ಹೂವಿನಲ್ಲೇ ನಿಂತ ಫ್ರಾನ್ಸ್ ಎಲ್ಲಿ, ಹಣ್ಣಿಗೆ ಬಂದ ನಾವೆಲ್ಲಿ.

ನನ್ನನ್ನು ಕೇಳಿದರೆ ತಂಡವನ್ನು ಸೀದಾ ಬೆಣ್ಣೆ ದೋಸೆ ಹೋಟೆಲಿಗೆ ಕರೆದೊಯ್ಯಬೇಕು. ಒಂದು ಖಾಲಿ, ಒಂದು ಓಪನ್, ಮೇಲೆ ಇನ್ನೊಂದು ಉಂಡೆ ಬೆಣ್ಣೆ. ಸಂಜೆಗೆ ಮಂಡಕ್ಕಿ, ಮಿರ್ಚಿ. ತಿಂದ ಮೇಲೆ ಪೊಟ್ಟಣದ ಪೇಪರ್ ಎಲ್ಲಿ ಹಾಕಬೇಕು ಅಂತ ಅವರೇ ಹುಡುಕಲಿ. 2016ರಲ್ಲೇ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಊರಲ್ಲಿ ನಾನಂತೂ ಇನ್ನೂ ಹುಡುಕುತ್ತಿದ್ದೇನೆ.

ತಂಡ ಬಂದ ದಿನ ನಮ್ಮ ಬೀದಿ ಗುಡಿಸುವ ಅಮ್ಮನ ಕೈಗೆ ಹೊಸ ಗ್ಲೌಸ್ ಇತ್ತು. ಫೋಟೊ ಆಯ್ತು. ಮರುದಿನ ನೋಡಿದರೆ ಬರಿಗೈಯಲ್ಲಿ ಚರಂಡಿ ಬಾಚುತ್ತಿದ್ದರು.

"ಗ್ಲೌಸ್ ಎಲ್ಲವ್ವ?" ಅಂದೆ.

"ವಾಪಸ್ ಇಸ್ಕಂಡ್ರು ಸರ್. ಮುಂದಿನ ವರ್ಷಕ್ಕೆ ಬೇಕಂತೆ."

ಥೂ. ಇದಕ್ಕೆ ಏನಂತ ನಗೋದು?

ಕುಂಡಗಳೂ ಹೋದವು. ಡಿವೈಡರ್ ಮೇಲೆ ದುಂಡನೆಯ ಮಣ್ಣಿನ ಗುರುತಷ್ಟೇ ಉಳಿದಿದೆ. ಒಂದು ಮಾತ್ರ ಟೀ ಅಂಗಡಿ ಮುಂದೆ ಸಿಕ್ಕಿತು. ಗಿಡ ಇಲ್ಲ, ಕುಡಿದು ಬಿಸಾಕಿದ ಪೇಪರ್ ಕಪ್ ತುಂಬಿವೆ. ನನ್ನ ಮಂಡಕ್ಕಿ ಪೊಟ್ಟಣವನ್ನೂ ಅದರಲ್ಲೇ ತುರುಕಿ ಬಂದೆ.